ಅಂಗಳದ ಮರದ ಆಟದ ಮನೆ: ಬಣ್ಣ, ಜೋಡಣೆ, ಆರೈಕೆ

ಕಡಹಿನಬೈಲು (ನರಸಿಂಹರಾಜಪುರ ತಾಲ್ಲೂಕು): ಬೇಸಿಗೆ ರಜೆಗೆ ಊರಿಗೆ ಬರುವ ಮೊಮ್ಮಕ್ಕಳಿಗಾಗಿ ಅಂಗಳದಲ್ಲೊಂದು ಮರದ ಆಟದ ಮನೆ ನಿಲ್ಲಿಸುವ ಆಸೆ ಅನೇಕರದು. ಆದರೆ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಮತ್ತು ವರ್ಷವಿಡೀ ಕಾಡುವ ಗೆದ್ದಲು ಇಂತಹ ಮನೆಯ ಮುಖ್ಯ ಶತ್ರುಗಳು. ಮರ, ಬಣ್ಣ ಹಾಗೂ ಜೋಡಣೆಯಲ್ಲಿ ಎಚ್ಚರ ವಹಿಸಿದರೆ ಎರಡನ್ನೂ ಎದುರಿಸಬಹುದು.

ಮರದ ಆಯ್ಕೆ

ಸಾಗುವಾನಿ, ಹಲಸು, ಹೊನ್ನೆ ಮರಗಳ ಚೇಗು ಭಾಗ ಬಾಳಿಕೆ ಬರುತ್ತದೆ. ಸುತ್ತಲಿನ ಬಿಳಿ ಭಾಗಕ್ಕೆ ಹುಳು ಬೇಗ ಹಿಡಿಯುತ್ತದೆ. ಸುತ್ತಮುತ್ತ ಸುಲಭವಾಗಿ ದೊರೆಯುವ ರಬ್ಬರ್ ಮರ, ಸಂಸ್ಕರಿಸದಿದ್ದಲ್ಲಿ, ಬಯಲಿನಲ್ಲಿ ಬೇಗ ಶಿಲೀಂಧ್ರಕ್ಕೆ ತುತ್ತಾಗುತ್ತದೆ. ಸ್ವಂತ ತೋಟದ ಮರವಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವಿನಾಯಿತಿ ಪಡೆದ ಜಾತಿಯಲ್ಲದಿದ್ದರೆ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ಬಣ್ಣದಲ್ಲಿ ಸೀಸದ ಅಪಾಯ

ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ದೇಶದಲ್ಲಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಅಟ್ಟದ ಮೇಲಿನ ಹಳೆಯ ಡಬ್ಬಿಯ ಬಣ್ಣವನ್ನು ಬಳಸಕೂಡದು. ಹಳೆಯ ಬಾಗಿಲು, ಕಿಟಕಿಗಳನ್ನು ಮರುಬಳಸುವಾಗ ಒಣ ಉಪ್ಪು ಕಾಗದದಿಂದ ಉಜ್ಜಿದರೆ ಸೀಸದ ಧೂಳು ಹರಡುವ ಸಂಭವವಿರುವುದರಿಂದ, ಅವುಗಳನ್ನು ಕೈಬಿಡುವುದೇ ಕ್ಷೇಮ. ಗೆದ್ದಲಿಗೆಂದು ಗೇರು ಎಣ್ಣೆ ಬಳಿಯುವ ರೂಢಿಯೂ ಇದೆ. ಹಸಿ ಗೇರು ಎಣ್ಣೆ ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುವುದರಿಂದ ಮಕ್ಕಳ ಕೈಗೆ ಸಿಗುವ ಭಾಗಗಳಿಗೆ ಅದು ಸಲ್ಲದು.

ಮರ ಚೆನ್ನಾಗಿ ಒಣಗಿರುವ ಫೆಬ್ರುವರಿ, ಮಾರ್ಚ್ ತಿಂಗಳುಗಳು ಬಣ್ಣಕ್ಕೆ ಸೂಕ್ತ. ಹಸಿ ಹಲಗೆಗೆ ಬಳಿದ ಬಣ್ಣ ಸುಲಿದು ಬರುತ್ತದೆ. ಜೋಡಿಸುವ ಮೊದಲೇ ಪ್ರತಿ ಹಲಗೆಯ ನಾಲ್ಕೂ ಮಗ್ಗುಲಿಗೆ ಪ್ರೈಮರ್ ಹಚ್ಚಬೇಕು. ಕೊಯ್ದ ತುದಿಗಳು ಹೆಚ್ಚು ನೀರು ಹೀರುವುದರಿಂದ ಅಲ್ಲಿ ಎರಡು ಬಾರಿ ಹಚ್ಚುವುದು ಒಳಿತು. ಪ್ರೈಮರ್ ಒಣಗಿದ ನಂತರ, ಹೊರಾಂಗಣಕ್ಕೆ ತಕ್ಕ ಬಣ್ಣವನ್ನು ಎರಡು ಕೋಟ್ ಬಳಿಯಬೇಕು.

ಜೋಡಣೆ

ಮರ ನೇರವಾಗಿ ಮಣ್ಣಿಗೆ ತಾಗಬಾರದು. ಜಂಬಿಟ್ಟಿಗೆ ಕಲ್ಲುಗಳ ಮೇಲೆ ನೆಲಹಲಗೆ ಕೂರಿಸಿದರೆ ಗಾಳಿಯಾಡುತ್ತದೆ, ಗೆದ್ದಲಿನ ಮಣ್ಣುಗೂಡು ಕಣ್ಣಿಗೆ ಬೀಳುತ್ತದೆ, ಅಡಿಯಲ್ಲಿ ಹಾವು ಸೇರಿದ್ದರೂ ತಿಳಿಯುತ್ತದೆ. ಚೌಕಟ್ಟಿನ ಎರಡೂ ಕರ್ಣಗಳ ಅಳತೆ ಸಮವಿದ್ದರೆ ಮೂಲೆಗಳು ನೇರವಾಗಿವೆ ಎಂದರ್ಥ. ಮೊಳೆಗಿಂತ ತುಕ್ಕು ಹಿಡಿಯದ ಸ್ಕ್ರೂ ಉತ್ತಮ. ಮೊದಲು ಸಣ್ಣ ತೂತು ಕೊರೆದರೆ ಹಲಗೆ ಸೀಳದು. ಮಗುವಿನ ತಲೆ ಸಿಕ್ಕಿಕೊಳ್ಳದಂತೆ, ಮೂರೂವರೆಯಿಂದ ಒಂಬತ್ತು ಅಂಗುಲದ ನಡುವಿನ ಸಂದುಗಳನ್ನು ಬಿಡಬಾರದೆಂದು ಅಮೆರಿಕದ ಆಟದ ಮೈದಾನ ಸುರಕ್ಷತಾ ಮಾರ್ಗಸೂಚಿ ಹೇಳುತ್ತದೆ. ಮಾಡು ಗೋಡೆಯಿಂದ ಒಂದಡಿಯಾದರೂ ಹೊರಚಾಚಿರಲಿ.

ಆರೈಕೆ

ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಪರಿಶೀಲನೆ ಅವಶ್ಯ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿದಾಗ ಮೆತ್ತಗೆನಿಸಿದ ಹಲಗೆಯನ್ನು ಬದಲಿಸಬೇಕು. ಪಾಚಿಯನ್ನು ಬ್ರಷ್‌ನಿಂದ ಉಜ್ಜಿ ತೆಗೆಯಬೇಕು, ಸಡಿಲವಾದ ಸ್ಕ್ರೂಗಳನ್ನು ಬಿಗಿಗೊಳಿಸಬೇಕು, ಬಣ್ಣ ಬಿರುಕು ಬಿಟ್ಟಲ್ಲಿ ಮತ್ತೆ ಬಳಿಯಬೇಕು. ಈ ಕೆಲಸಗಳು ಮುಗಿದ ನಂತರವೇ ಮಕ್ಕಳನ್ನು ಒಳಗೆ ಬಿಡುವುದು ಸೂಕ್ತ.