ಈ ದಾರಿ ಮಾಡಿದ್ದು ಯಾರು? ಜೀಪ್ ಟ್ರಿಪ್ ಹಿಂದಿನ ಯುರೇನಿಯಂ ಕಥೆ

(1/4)
ಥಾರ್ ರೀಲ್ಸ್ ನೋಡ್ತಾ ನೋಡ್ತಾ ಮೋವಾಬ್ ಅನ್ನೋ ಹೆಸರು ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತೆ. ಅಮೆರಿಕದ ಯೂಟಾ ರಾಜ್ಯದ ಪುಟ್ಟ ಊರು. ಸುತ್ತಲೂ ಕೆಂಪು ಬಂಡೆ, ಪಕ್ಕದಲ್ಲೇ ಕೊಲರಾಡೊ ನದಿ. ಫೋರ್ ಬೈ ಫೋರ್ ಓಡಿಸೋರಿಗೆ ಇದು ಒಂಥರಾ ಕಾಶಿ.

ಇಂಥ ಕಡೆ ಕ್ಲಬ್‌ಗಳು ಹೊಸ ಸದಸ್ಯರನ್ನ ಒಂದು ದಿನದ ಟ್ರಿಪ್‌ಗೆ ಕರ್ಕೊಂಡು ಹೋದಾಗ ಮೊದಲ ಕೆಲಸ ಟೈರಿನ ಗಾಳಿ ಇಳಿಸೋದು. ಟೈರ್ ಸ್ವಲ್ಪ ಚಪ್ಪಟೆಯಾದ್ರೆ ಬಂಡೆಯನ್ನ ಚೆನ್ನಾಗಿ ಹಿಡಿಯುತ್ತೆ. ಆಮೇಲೆ ಎರಡನೇ ಗೇರ್ ಲಿವರ್ ಎಳೆದು ಲೋ ರೇಂಜ್‌ಗೆ ಹಾಕೋದು. ಸಾಲಿನ ಮುಂದೆ ದಾರಿ ಬಲ್ಲವನೊಬ್ಬ, ಕೊನೆಗೆ ಅನುಭವ ಇರೋ ಇನ್ನೊಬ್ಬ. ದಾರಿ ಕವಲೊಡೆದ ಕಡೆ ಹಿಂದಿನ ಗಾಡಿ ಕಣ್ಣಿಗೆ ಕಾಣೋವರೆಗೂ ನೀವು ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ: ಇರೋ ದಾರಿ ಬಿಟ್ಟು ಒಂದು ಚಕ್ರವನ್ನೂ ಆಚೆ ಇಡಬೇಡಿ.

ಹೊಸಬರಿಗೆ ತಲೆ ಕೆಡೋದು ಇಲ್ಲೇ. ಆಫ್‌ರೋಡಿಂಗ್ ಅಂತ ಕರೆದು, ರೋಡ್ ಬಿಡಬೇಡಿ ಅಂತಾರಲ್ಲ!

ಕಾರಣ ಮಣ್ಣಲ್ಲಿದೆ. ಅಲ್ಲಿನ ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ ಒಂದು ಪದರ ಇರುತ್ತೆ. ಸೈನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಎಲ್ಲ ಸೇರಿ ಹೆಣೆದ ಜೀವಂತ ಪದರ. ಗಾಳಿಗೆ ಮರಳು ಹಾರದಂತೆ ಹಿಡಿದಿರೋದು ಅದೇ. ಒಂದು ಸಲ ಚಕ್ರ ಹರಿದ್ರೆ ಮತ್ತೆ ಬೆಳೆಯೋಕೆ ದಶಕಗಳೇ ಬೇಕು. ಕಾಲಿಟ್ಟರೂ ಪುಡಿಯಾಗುತ್ತೆ.

ಹಾಗಾದ್ರೆ ಇಷ್ಟು ನಾಜೂಕಾದ ನೆಲದ ಮೇಲೆ ಇಷ್ಟೊಂದು ದಾರಿಗಳನ್ನ ಮಾಡಿದ್ದು ಯಾರು? ಜೀಪ್ ಕ್ಲಬ್ಬಿನವರಂತೂ ಅಲ್ಲ.

(2/4)
ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಅಣುಬಾಂಬ್ ತಯಾರಿಸೋಕೆ ಯುರೇನಿಯಂ ಬೇಕಿತ್ತು. ಅಲ್ಲಿನ ಪರಮಾಣು ಶಕ್ತಿ ಆಯೋಗ ದೇಶದೊಳಗೆ ಸಿಗೋ ಅದಿರಿಗೆ ಖಾತ್ರಿ ಬೆಲೆ ಘೋಷಿಸಿತು, ಹೊಸ ನಿಕ್ಷೇಪ ಕಂಡುಹಿಡಿದವರಿಗೆ ಬೋನಸ್ಸೂ ಇಟ್ಟಿತು. ಕೊಳ್ಳೋದು ಸರ್ಕಾರ ಮಾತ್ರ, ಹುಡುಕೋದು ಯಾರು ಬೇಕಾದರೂ ಸರಿ. ಯುದ್ಧಕ್ಕಾಗಿ 6 ಲಕ್ಷಕ್ಕೂ ಹೆಚ್ಚು ಜೀಪ್ ತಯಾರಾಗಿದ್ದವು. 1945ರಿಂದ ವಿಲ್ಲಿಸ್ ಕಂಪನಿ ಸಾಮಾನ್ಯರಿಗೂ ಜೀಪ್ ಮಾರೋಕೆ ಶುರು ಮಾಡಿತ್ತು. (ಇದೇ ವಿಲ್ಲಿಸ್ ಜೀಪನ್ನ ಬಿಡಿಭಾಗಗಳಾಗಿ ತರಿಸಿ ಮುಂಬೈಯಲ್ಲಿ ಜೋಡಿಸಿದ್ದು ಮಹೀಂದ್ರ. ಥಾರ್‌ನ ಮುತ್ತಾತ ಅದು.) ಹಾಗಾಗಿ ಒಂದು ಜೀಪ್, ಒಂದು ಗೈಗರ್ ಕೌಂಟರ್ ಇದ್ರೆ ಸಾಕು, ನೀವೂ ಗಣಿ ಹುಡುಕೋಕೆ ಹೊರಡಬಹುದಿತ್ತು.

ಚಾರ್ಲಿ ಸ್ಟೀನ್ ಹತ್ರ ಗೈಗರ್ ಕೌಂಟರ್ ಕೊಳ್ಳೋಕೂ ದುಡ್ಡಿರಲಿಲ್ಲ. ಓದಿದ್ದು ಭೂವಿಜ್ಞಾನ. ಹೆಂಡತಿ, ನಾಲ್ಕು ಗಂಡುಮಕ್ಕಳನ್ನ ಕಟ್ಟಿಕೊಂಡು ಸಿಸ್ಕೊ ಅನ್ನೋ ಹಳ್ಳಿಯ ಗುಡಿಸಲಿನಂಥ ಮನೆಯಲ್ಲಿದ್ದ. ಯುರೇನಿಯಂ ನೆಲದ ಮೇಲ್ಭಾಗದಲ್ಲೇ ಸಿಗುತ್ತೆ ಅಂತ ಬಹಳ ಜನ ನಂಬಿದ್ದ ಕಾಲ. ಇವನು ಆಳದಲ್ಲಿದೆ ಅಂತ ಹಠ ಹಿಡಿದ. 1952ರ ಜುಲೈನಲ್ಲಿ ಮೋವಾಬ್‌ನ ಆಗ್ನೇಯಕ್ಕಿರೋ ಲಿಸ್ಬನ್ ಕಣಿವೆಯಲ್ಲಿ ಕೊರೀತಾ ಇದ್ದಾಗ ಸುಮಾರು 60 ಮೀಟರ್ ಆಳದಲ್ಲಿ ಡ್ರಿಲ್ ಮುರೀತು. ಸಪ್ಪೆ ಮುಖ ಹಾಕ್ಕೊಂಡು ವಾಪಸ್ ಬಂದ. ಜೊತೆಗೆ ತಂದಿದ್ದ ಕಪ್ಪು ಕಲ್ಲಿನ ತುಂಡನ್ನ ಪರಿಚಯದವನೊಬ್ಬನ ಗೈಗರ್ ಕೌಂಟರ್ ಹತ್ರ ಹಿಡಿದಾಗ ಮುಳ್ಳು ಕಡೇ ಅಂಚಿಗೆ ಹೋಯ್ತು. ಒಳ್ಳೇ ದರ್ಜೆಯ ಯುರೇನಿಯಂ ಅದಿರು!

ಗಣಿಗೆ ಮಿ ವಿಡಾ ಅಂತ ಹೆಸರಿಟ್ಟ. ಸ್ಪ್ಯಾನಿಷ್‌ನಲ್ಲಿ 'ನನ್ನ ಜೀವನ' ಅಂತ ಅರ್ಥ. ಅವನು ಕೋಟ್ಯಧಿಪತಿಯಾದ. ಆಮೇಲೆ ಅದೆಲ್ಲ ಕಳ್ಕೊಂಡ, ಅದು ಬೇರೆ ಕಥೆ. 1950ರ ಜನಗಣತಿಯಲ್ಲಿ ಸುಮಾರು 1,300 ಜನ ಇದ್ದ ಮೋವಾಬ್‌ನಲ್ಲಿ 1960ಕ್ಕೆ ಸುಮಾರು 4,700 ಜನ.

(3/4)
ಈಗ ದಾರಿಗೆ ಬರೋಣ. ಗಣಿ ಹುಡುಕೋರ ಹಿಂದೆ ಬುಲ್ಡೋಜರ್ ಬಂತು. ಶೇಫರ್ ಟ್ರೈಲ್ ನೋಡಿ, ಕಡಿದಾದ ಪ್ರಪಾತದ ಗೋಡೆಗೆ ಅಂಟಿಕೊಂಡು ಹಾವಿನ ಹಾಗೆ ಇಳಿಯೋ ದಾರಿ. ಮೊದಲು ಅಲ್ಲಿ ನಡೆದದ್ದು ಮೂಲನಿವಾಸಿಗಳು. ಆಮೇಲೆ ದನಗಾಹಿಗಳು ದನ ಇಳಿಸಿದರು. 1950ರ ದಶಕದಲ್ಲಿ ಯುರೇನಿಯಂ ಲಾರಿಗಳಿಗಾಗಿ ಅದನ್ನ ಅಗಲ ಮಾಡಿದರು. ಇವತ್ತು ನೀವು ರೀಲ್ಸ್‌ನಲ್ಲಿ ನೋಡೋದು ಆ ಲಾರಿ ದಾರಿಯನ್ನೇ.

ಅಲ್ಲಿಂದ ಮುಂದೆ ಸಿಗೋ ವೈಟ್ ರಿಮ್ ರೋಡ್ ಸುಮಾರು 160 ಕಿ.ಮೀ. ಸುತ್ತು. ಅದನ್ನ ಮಾಡಿಸಿದ್ದು ಪರಮಾಣು ಶಕ್ತಿ ಆಯೋಗವೇ. ತಮಾಷೆ ಏನಂದ್ರೆ ಆ ದಾರಿಯ ಗಣಿಗಳಲ್ಲಿ ಸಿಕ್ಕ ಯುರೇನಿಯಂ ತೀರಾ ಕಮ್ಮಿ. ಬಾಂಬಿಗೆ ಅಂತ ಮಾಡಿದ ರಸ್ತೆ ಬಾಂಬಿಗೆ ಹೆಚ್ಚೇನೂ ಕೊಡಲಿಲ್ಲ. 1964ರಲ್ಲಿ ಆ ಜಾಗ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ ಆಯ್ತು, ದಾರಿ ಹಾಗೇ ಉಳೀತು.

ಒಳಗೆ ಇಳಿದು ಅಗೆದವರ ಕಥೆ ಮಾತ್ರ ತಮಾಷೆಯಲ್ಲ. ಈ ಪ್ರಸ್ಥಭೂಮಿಯ ಎಷ್ಟೋ ಗಣಿಗಳಲ್ಲಿ ಗಾಳಿ ಸರಿಯಾಗಿ ಆಡ್ತಾ ಇರಲಿಲ್ಲ. ರೇಡಾನ್ ಅನ್ನೋ ವಿಕಿರಣ ಅನಿಲ ಉಸಿರಾಡಿ ಅನೇಕ ಕಾರ್ಮಿಕರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಅವರಲ್ಲಿ ನವಾಹೋ ಸಮುದಾಯದವರು ಬಹಳ ಜನ. ಪರಿಹಾರ ಕೊಡೋ ಕಾನೂನು ಬಂದಿದ್ದು 1990ರಲ್ಲಿ. ಅಷ್ಟರಲ್ಲಿ ಎಷ್ಟು ಮನೆಯಲ್ಲಿ ಪರಿಹಾರ ತಗೊಳ್ಳೋಕೆ ಹೆಂಡತಿ ಮಕ್ಕಳು ಮಾತ್ರ ಉಳಿದಿದ್ದರು, ನೀವೇ ಊಹಿಸಿ. ನನಗಂತೂ ಸ್ಟೀನ್ ಕಥೆಯನ್ನ ಬರೀ 'ಬಡವ ಕೋಟ್ಯಧಿಪತಿಯಾದ' ಅಂತ ಹೇಳೋರ ಮೇಲೆ ಸಿಟ್ಟು ಬರೋದು ಇದಕ್ಕೇ.

(4/4)
1960ರ ದಶಕದಲ್ಲಿ ಯುರೇನಿಯಂ ಭರಾಟೆ ಇಳೀತು. ಊರಿಗೆ ಬೇರೆ ದುಡಿಮೆ ಬೇಕಿತ್ತು. 1967ರಲ್ಲಿ ಮೋವಾಬ್‌ನ ವಾಣಿಜ್ಯ ಮಂಡಳಿ ಈಸ್ಟರ್ ಹಬ್ಬದ ಹೊತ್ತಿಗೆ ಒಂದು ಜೀಪ್ ಸಫಾರಿ ಇಟ್ಟಿತು. ಆಗ ಅದು ಬರೀ ಒಂದು ದಿನದ ಟ್ರಿಪ್. ಹೊಸ ದಾರಿ ಮಾಡೋ ಅಗತ್ಯವೇ ಇರಲಿಲ್ಲ, ಗಣಿಯವರು ಬಿಟ್ಟುಹೋದದ್ದೇ ಬೇಕಾದಷ್ಟಿತ್ತು. ಮುಂದೆ ರೆಡ್ ರಾಕ್ ಫೋರ್ ವೀಲರ್ಸ್ ಅನ್ನೋ ಕ್ಲಬ್ ಅದನ್ನ ವಹಿಸ್ಕೊಂಡಿತು. ಈಗ ಒಂಬತ್ತು ದಿನದ ಜಾತ್ರೆ ಅದು.

ಟ್ರಿಪ್ ಮುಗಿಸಿ ಉತ್ತರಕ್ಕೆ ಹೊರಡೋ ಗಾಡಿಗಳು ಕೊಲರಾಡೊ ನದಿಯ ಸೇತುವೆ ದಾಟುತ್ತವೆ. ದಾಟಿದ ತಕ್ಷಣ ಎಡಗಡೆ, ನದಿ ದಂಡೆಯಲ್ಲೇ, 1956ರಿಂದ 1984ರವರೆಗೆ ಯುರೇನಿಯಂ ಸಂಸ್ಕರಿಸುತ್ತಿದ್ದ ಕಾರ್ಖಾನೆಯ ಜಾಗ. ಅಲ್ಲಿ ಸುಮಾರು 1.6 ಕೋಟಿ ಟನ್ ವಿಕಿರಣ ತ್ಯಾಜ್ಯ ಗುಡ್ಡದಂತೆ ಬಿದ್ದಿತ್ತು. 2009ರಿಂದ ಅದನ್ನ ರೈಲಿಗೆ ತುಂಬಿ, 48 ಕಿ.ಮೀ. ದೂರದ ಕ್ರೆಸೆಂಟ್ ಜಂಕ್ಷನ್‌ಗೆ ಸಾಗಿಸಿ ಹೂಳೋಕೆ ಶುರು ಮಾಡಿದರು.

#ಇತಿಹಾಸ #ಜೀಪ್ #ಮೋವಾಬ್ #ಯುರೇನಿಯಂ