ಹಲ್ಲುಪುಡಿಯ ಊರಿನಲ್ಲಿ ಹಲ್ಲುನೋವು

ಡೊಂಬಿವಲಿ ಪೂರ್ವದ ಕೈಗಾರಿಕಾ ಪ್ರದೇಶದ ಬಳಿ ಕೆ. ವಿ. ಪೆಂಢರ್ಕರ್ ಹೆಸರಿನ ಕಾಲೇಜಿದೆ. ಕೇಶವ ವಿಷ್ಣು ಪೆಂಢರ್ಕರ್ 1952ರಲ್ಲಿ ವಿಕೋ ಕಂಪನಿಯನ್ನು ಹುಟ್ಟುಹಾಕಿದವರು. ಅವರ ‘ವಜ್ರದಂತಿ’ ಹಲ್ಲುಪುಡಿ ಸಿನಿಮಾ ಮಂದಿರ ಮತ್ತು ದೂರದರ್ಶನದ ಜಾಹೀರಾತುಗಳ ಮೂಲಕ ಕನ್ನಡದ ಮನೆಗಳಿಗೂ ಬಂತು. ಕಂಪನಿಯ ಕಾರ್ಖಾನೆಗಳಲ್ಲಿ ಒಂದು ಇರುವುದು ಡೊಂಬಿವಲಿಯಲ್ಲೇ.

1970ರ ದಶಕದ ಕೊನೆಗೆ ಈ ಕಂಪನಿಗೂ ಕೇಂದ್ರ ಎಕ್ಸೈಸ್ ಇಲಾಖೆಗೂ ವ್ಯಾಜ್ಯ ಶುರುವಾಯಿತು. ವಿಕೋದ ಸರಕು ಸೌಂದರ್ಯ ಸಾಮಗ್ರಿಯೋ, ಆಯುರ್ವೇದ ಔಷಧವೋ? ಸೌಂದರ್ಯ ಸಾಮಗ್ರಿಯಾದರೆ ಸುಂಕ ಹೆಚ್ಚು, ಔಷಧವಾದರೆ ಕಡಿಮೆ. ಮೊಕದ್ದಮೆ ವರ್ಷಗಟ್ಟಲೆ ನಡೆದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊನೆಗೆ ಔಷಧವೆಂದೇ ಗೆದ್ದಿತು.

ಹಲ್ಲುಪುಡಿಯ ಮಟ್ಟಿಗೆ ಕೋರ್ಟು ಉತ್ತರ ಕೊಟ್ಟಿತು. ಹಲ್ಲಿನ ಮಟ್ಟಿಗೆ ಆ ಪ್ರಶ್ನೆ ಇಂದಿಗೂ ಹಾಗೆಯೇ ಇದೆ. ಹಲ್ಲು ಅಲಂಕಾರವೋ, ಆರೋಗ್ಯವೋ? ಸಾಮಾನ್ಯ ಆರೋಗ್ಯ ವಿಮೆಯ ಪಾಲಿಸಿಗಳು ಅಪಘಾತದ ಹೊರತು ಹಲ್ಲಿನ ಚಿಕಿತ್ಸೆಯ ಖರ್ಚನ್ನು ಕೊಡುವುದು ಅಪರೂಪ. ಹೀಗೆ ಬಾಯಿಯನ್ನು ದೇಹದಿಂದ ಬೇರೆ ಎಣಿಸಿದಾಗ, ಅದನ್ನು ನೋಡಿಕೊಳ್ಳುವ ಹೊಣೆ ಅವರವರ ಕಿಸೆ, ಅವರವರ ಬಿಡುವು, ಅವರವರ ತಿಳಿವಳಿಕೆಗೆ ಬಿದ್ದುಬಿಡುತ್ತದೆ. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಚರಿತ್ರೆ ಮುಖ್ಯವಾಗಿ ವಲಸೆಯ ಚರಿತ್ರೆ. ಇಲ್ಲಿ ಯಾರ ಹಲ್ಲು ಉಳಿಯಿತು, ಯಾರದು ಹೋಯಿತು ಎಂಬುದಕ್ಕೆ ಉತ್ತರ ಹುಡುಕಿದರೆ ಯಾರು ಎಲ್ಲಿಂದ, ಯಾವಾಗ, ಯಾವ ಕೆಲಸಕ್ಕೆ ಬಂದರು ಎಂಬಲ್ಲಿಗೇ ಹೋಗಿ ಮುಟ್ಟುತ್ತೇವೆ.

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಬಂತು. ಮರುವರ್ಷ ಹಳಿ ಕಲ್ಯಾಣ ತಲುಪಿತು. ಆದರೂ ಸುಮಾರು ನೂರು ವರ್ಷ ಇವು ಸಣ್ಣ ಊರುಗಳಾಗಿಯೇ ಇದ್ದವು. ದೇಶ ವಿಭಜನೆಯ ನಂತರ ಕಲ್ಯಾಣದ ಯುದ್ಧಕಾಲದ ಮಿಲಿಟರಿ ಶಿಬಿರ ಸಿಂಧಿ ನಿರಾಶ್ರಿತರ ಉಲ್ಲಾಸನಗರವಾಯಿತು. 1960ರ ದಶಕದಲ್ಲಿ ಥಾಣೆಯ ವಾಗ್ಳೆ ಎಸ್ಟೇಟ್, ಥಾಣೆ–ಬೇಲಾಪುರ ರಸ್ತೆ, ಡೊಂಬಿವಲಿಗಳಲ್ಲಿ ಕಾರ್ಖಾನೆಗಳು ಎದ್ದವು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, ಆಗ್ರಿ ಮತ್ತು ಕೋಳಿ ಜನರ ಗದ್ದೆ, ಉಪ್ಪಿನ ಆಗರಗಳಿದ್ದ 95 ಹಳ್ಳಿಗಳ ನೆಲದಲ್ಲಿ ನವಿ ಮುಂಬಯಿ ಕಟ್ಟುವ ಕೆಲಸ ಶುರುವಾಯಿತು. 1981ರಲ್ಲಿ ಸುಮಾರು 33 ಲಕ್ಷವಿದ್ದ ಥಾಣೆ ಜಿಲ್ಲೆಯ ಜನಸಂಖ್ಯೆ 2011ಕ್ಕೆ 1 ಕೋಟಿ 10 ಲಕ್ಷ ದಾಟಿತು. ಆಗ ಅದು ದೇಶದಲ್ಲೇ ಅತಿ ಹೆಚ್ಚು ಜನರಿದ್ದ ಜಿಲ್ಲೆ. 2014ರಲ್ಲಿ ಅದನ್ನು ಒಡೆದು ಪಾಲ್ಘರ್ ಜಿಲ್ಲೆ ಮಾಡಲಾಯಿತು.

ಹೀಗೆ ಬಂದವರಲ್ಲಿ ಕನ್ನಡ ನಾಡಿನವರು ಎರಡು ದಾರಿಗಳಿಂದ ಬಂದರು. ಮೊದಲ ದಾರಿ ಕರಾವಳಿಯದು. ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹುಡುಗರು ಬೊಂಬಾಯಿಯ ಹೋಟೆಲುಗಳಿಗೆ ಸೇರಿ, ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ರಾತ್ರಿ ಹೋಟೆಲಿನ ಬೆಂಚಿನ ಮೇಲೆಯೇ ಮಲಗಿದರು. ಊರಲ್ಲಿ ಮಾವಿನ ಎಲೆಯಿಂದಲೋ ಉಮಿ ಸುಟ್ಟ ಕರಿಯಿಂದಲೋ ಹಲ್ಲುಜ್ಜುತ್ತಿದ್ದವರಿಗೆ ಇಲ್ಲಿ ಹೊತ್ತು ಹೊತ್ತಿಗೆ ಸಿಕ್ಕಿದ್ದು ಸಕ್ಕರೆ ಹಾಕಿದ ಚಹಾ. ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾ ಆಮ್ಲವಾಗಿಸುತ್ತದೆ, ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ದಿನಕ್ಕೆ ಎಷ್ಟು ಸಕ್ಕರೆ ತಿಂದರು ಎನ್ನುವಷ್ಟೇ ಮುಖ್ಯ ಎಷ್ಟು ಸಲ ತಿಂದರು ಎನ್ನುವುದು.

ಆದರೆ ಈ ದಾರಿ ಮೇಲಕ್ಕೆ ಹೋಯಿತು. ರಾತ್ರಿ ಶಾಲೆಯಲ್ಲಿ ಓದಿದವರಲ್ಲಿ ಹಲವರು ಬ್ಯಾಂಕು, ಕಚೇರಿ ಸೇರಿದರು, ಕೆಲವರು ಸ್ವಂತ ಹೋಟೆಲು ತೆರೆದರು. ಕುಟುಂಬ ಬೆಳೆದಾಗ, ಕೈಗೆಟುಕುವ ಬೆಲೆಗೆ ಮನೆ ಸಿಗುತ್ತಿದ್ದ ಥಾಣೆ, ಡೊಂಬಿವಲಿಗಳಿಗೆ ಬಂದರು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ನಡೆಸುವಷ್ಟು ಕನ್ನಡಿಗರು ಅಲ್ಲಿ ನೆಲೆಸಿದರು. ಅಷ್ಟರಲ್ಲಿ ಮಣಿಪಾಲದಲ್ಲಿ 1965ರಿಂದ ದಂತ ವೈದ್ಯಕೀಯ ಕಾಲೇಜು ನಡೆಯುತ್ತಿತ್ತು. ಶುಲ್ಕ ಕಟ್ಟಬಲ್ಲ ಮನೆಗಳಿಗೆ ಮಕ್ಕಳನ್ನು ದಂತವೈದ್ಯರನ್ನಾಗಿ ಮಾಡುವ ಬಾಗಿಲೂ ತೆರೆದಿತ್ತು.

ಎರಡನೆಯ ದಾರಿ ಕಲಬುರಗಿ, ವಿಜಯಪುರಗಳ ಕಡೆಯದು. ಮಳೆ ಕೈಕೊಟ್ಟ ವರ್ಷ ಊರು ಬಿಟ್ಟ ವಡ್ಡರು, ಲಂಬಾಣಿಗಳು, ದಲಿತ ಕುಟುಂಬಗಳು ನವಿ ಮುಂಬಯಿಯ ಕಲ್ಲುಕ್ವಾರಿಗಳಿಗೆ, ಕಟ್ಟಡಗಳಿಗೆ ಬಂದರು. ಇಂದಿಗೂ ಅಲ್ಲಿನ ನಾಕಾಗಳಲ್ಲಿ ಬೆಳಗ್ಗೆ ದಿನಗೂಲಿಗಾಗಿ ನಿಲ್ಲುವವರ ನಡುವೆ ಉತ್ತರ ಕರ್ನಾಟಕದ ಕನ್ನಡ, ಲಂಬಾಣಿ ಮಾತು ಕಿವಿಗೆ ಬೀಳುತ್ತವೆ.

ಇವರಲ್ಲಿ ಕೆಲವರ ಹಲ್ಲಿನ ಮೇಲೆ ಹುಟ್ಟೂರಿನ ಗುರುತಿರುತ್ತದೆ. ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಶಾಶ್ವತ ಹಲ್ಲುಗಳ ಹೊರಕವಚ ಒಸಡಿನೊಳಗೆ ರೂಪುಗೊಳ್ಳುವುದು ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಆ ವಯಸ್ಸಿನಲ್ಲಿ ಅಂಥ ನೀರು ಕುಡಿದ ಮಗುವಿನ ಹಲ್ಲು ಸುಣ್ಣದ ಬಿಳುಪಿನ ಮಚ್ಚೆ, ಕಂದು ಗೆರೆಗಳೊಂದಿಗೇ ಹುಟ್ಟುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು 1901ರಿಂದ ಇಂಥ ಕಂದು ಹಲ್ಲುಗಳ ಬೆನ್ನು ಹತ್ತಿದರು. ನೀರಿನ ಫ್ಲೋರೈಡೇ ಕಾರಣವೆಂದು ಗೊತ್ತಾದದ್ದು 1931ರಲ್ಲಿ. ಭಾರತದಲ್ಲಿ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ 1937ರಲ್ಲಿ ಮೊದಲ ವರದಿ ಬಂತು.

ಈ ಕಲೆ ಉಜ್ಜಿದರೆ ಹೋಗುವುದಿಲ್ಲ. ಆದರೆ ನಗರದ ಕಣ್ಣಿಗೆ ಅದು ಹಲ್ಲು ತಿಕ್ಕದವರ ಕೊಳೆಯಂತೆ ಕಾಣುತ್ತದೆ. ಮನೆಗೆಲಸ ಕೇಳಲು ಬಂದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿ ಮಾತಾಡುತ್ತಾಳೆ, ಹುಡುಗ ತುಟಿ ಬಿಗಿದು ನಗುತ್ತಾನೆ. ಊರಿನ ಕೊಳವೆಬಾವಿ ಮಾಡಿದ ತಪ್ಪಿಗೆ ಅವರು ನಾಚಬೇಕಾಗುತ್ತದೆ.

ಹೆಂಗಸರ ಬಾಯಿಯ ಕಥೆಗೆ ಇನ್ನೊಂದು ಅಧ್ಯಾಯವಿದೆ: ಮಿಶ್ರಿ. ಹೊಗೆಸೊಪ್ಪನ್ನು ಹೆಂಚಿನ ಮೇಲೆ ಕಪ್ಪಾಗುವಂತೆ ಹುರಿದು ಪುಡಿ ಮಾಡಿ ಹಲ್ಲು, ಒಸಡಿಗೆ ತಿಕ್ಕುವುದು ಮಹಾರಾಷ್ಟ್ರದಲ್ಲೂ ಗಡಿಯ ಕನ್ನಡ ಜಿಲ್ಲೆಗಳಲ್ಲೂ ಹಳೆಯ ರೂಢಿ. ಹಲ್ಲು ಶುಚಿಯಾಗುತ್ತದೆ, ನೋವು ಇಳಿಯುತ್ತದೆ ಎಂಬ ನಂಬಿಕೆಯಿಂದ ಶುರುವಾಗಿ, ದಿನಕ್ಕೆ ಮೂರು ನಾಲ್ಕು ಸಲ ಬೇಕೇಬೇಕು ಎನ್ನುವಲ್ಲಿಗೆ ಮುಟ್ಟುತ್ತದೆ. 1990ರ ದಶಕದ ಆರಂಭದಲ್ಲಿ ಪ್ರಕಾಶ್ ಗುಪ್ತಾ ಅವರ ತಂಡ ಮುಂಬಯಿಯಲ್ಲಿ 35 ದಾಟಿದ ಸುಮಾರು 1 ಲಕ್ಷ ಜನರ ಸಮೀಕ್ಷೆ ಮಾಡಿತು. ಗಂಡಸರಲ್ಲಿ ಶೇ. 69.3, ಹೆಂಗಸರಲ್ಲಿ ಶೇ. 57.5 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹೆಂಗಸರದು ಬಹುತೇಕ ಹೊಗೆಯಿಲ್ಲದ ತಂಬಾಕು, ಅದರಲ್ಲಿ ಮುಖ್ಯವಾದದ್ದು ಮಿಶ್ರಿ. ಓದು ಏರಿದಂತೆ ಬಳಕೆ ಇಳಿಯುತ್ತಿತ್ತು. 2004ರಲ್ಲಿ ಪ್ರಕಟವಾದ ಮುಂಬಯಿಯ ಮತ್ತೊಂದು ಅಧ್ಯಯನ ಇಂಥ ತಂಬಾಕು ಬಳಸಿದ ತಾಯಂದಿರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ ಎಂದು ತೋರಿಸಿತು. ಒಸಡಿಗೆ ತಿಕ್ಕಿದ ಪುಡಿ ಹೊಟ್ಟೆಯ ಕೂಸನ್ನು ಮುಟ್ಟಿತ್ತು.

ಆ ಸಮೀಕ್ಷೆ ನಡೆದದ್ದು ಮುಂಬಯಿಯಲ್ಲಾದರೂ ಅದರಲ್ಲಿ ಕಂಡ ಜೀವನ ಅಲ್ಲಿಗೇ ನಿಲ್ಲಲಿಲ್ಲ. 1982ರ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಕಾರ್ಮಿಕರ ಎಷ್ಟೋ ಕುಟುಂಬಗಳು ಥಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ಸರಿದವು. ಪಾತ್ರೆ ಪಗಡಿಯೊಡನೆ ರೂಢಿಗಳೂ ಬಂದವು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರಕಾರ 1992ರಲ್ಲಿ ನಿಷೇಧಿಸಿತು, 1997ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಾರ್ಖಾನೆಯ ಪುಡಿಗೆ ಕಾನೂನು ತಗಲಿತು. ಮನೆಯ ಹೆಂಚಿನ ಮೇಲೆ ಹುರಿಯುವ ಪುಡಿಗೆ ಅದು ತಗಲುವಂತಿರಲಿಲ್ಲ.

ಗಂಡಸರ ಕಿಸೆಗೆ ಬಂದದ್ದು ಗುಟ್ಕಾ. ಇಲ್ಲಿ ಕನ್ನಡ ನಾಡಿನ ಪಾಲು ಎರಡು ಬಗೆಯದು: ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ, ಅದೇ ಕರ್ನಾಟಕದಿಂದ ಕಲ್ಲೊಡೆಯಲು ಹೋದವರು ಹಸಿವು, ದಣಿವು ಮರೆಯಲು ಚೀಟಿ ಹರಿಯುತ್ತಾರೆ. ಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆ ಅಗಿದು ಅಗಿದು ಕೆನ್ನೆಯ ಒಳಪದರ ಗಡುಸಾಗಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದಾಗುತ್ತದೆ. ತುತ್ತು ಒಳಗೆ ಹೋಗದು, ಖಾರ ತಾಗಿದರೆ ಉರಿ. ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿತು. ರಾಜ್ಯದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರಲ್ಲಿ ಶೇ. 31.4 ಇದ್ದದ್ದು 2016-17ಕ್ಕೆ ಶೇ. 26.6ಕ್ಕೆ ಇಳಿಯಿತು. ಇಳಿದದ್ದು ನಿಜ, ಆದರೂ ನಾಲ್ವರಲ್ಲಿ ಒಬ್ಬರು ಉಳಿದರು.

ಹಾಗಾದರೆ ವೈದ್ಯರೆಲ್ಲಿದ್ದರು? ದೇಶದ ಮೊದಲ ದಂತ ಕಾಲೇಜನ್ನು ರಫಿಯುದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ 1920ರಲ್ಲಿ ತೆರೆದರು. ಬೊಂಬಾಯಿಯಲ್ಲಿ ನಾಯರ್ ದಂತ ಕಾಲೇಜು 1933ರಲ್ಲಿ ಬಂತು. ಅದಕ್ಕೂ ಮೊದಲು, ನಂತರವೂ, ಹಲ್ಲು ಕೀಳುತ್ತಿದ್ದವರು ಕ್ಷೌರಿಕರು, ಬೀದಿಬದಿಯ ‘ದಾಂತ್‌ವಾಲಾ’ಗಳು. 1948ರ ದಂತವೈದ್ಯರ ಕಾಯ್ದೆ ಪದವೀಧರರನ್ನು ‘ಎ’ ಭಾಗದಲ್ಲಿ, ಪದವಿಯಿಲ್ಲದೆ ಕನಿಷ್ಠ ಐದು ವರ್ಷ ಇದೇ ವೃತ್ತಿಯಿಂದ ಬದುಕಿದವರನ್ನು ‘ಬಿ’ ಭಾಗದಲ್ಲಿ ದಾಖಲಿಸಿತು. ಅವರನ್ನು ಬಿಟ್ಟರೆ ಬಡವರಿಗೆ ಬೇರೆ ಗತಿಯಿಲ್ಲವೆಂದು ಸರಕಾರಕ್ಕೂ ಗೊತ್ತಿತ್ತು.

ಇಂದು ಚಿತ್ರ ಪೂರ್ತಿ ಬದಲಾಗಿದೆ. ನವಿ ಮುಂಬಯಿಯೊಂದರಲ್ಲೇ ನೆರೂಳ್, ಬೇಲಾಪುರ, ಖಾರ್‌ಘರ್, ಕಾಮೋಠೆಗಳಲ್ಲಾಗಿ ಐದು ದಂತ ಕಾಲೇಜುಗಳಿವೆ. ವಿದ್ಯಾರ್ಥಿಗಳ ಕಲಿಕೆಗೆ ರೋಗಿಗಳು ಬೇಕು, ಹಾಗಾಗಿ ಅಲ್ಲಿ ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಆದರೆ ಕಾಲೇಜು ನಡೆಯುವುದು ಹಗಲು ಹೊತ್ತಿನಲ್ಲಿ. ಬೇರಿನ ಚಿಕಿತ್ಸೆಗೆ ಮೂರು ನಾಲ್ಕು ಸಲ ಹೋಗಬೇಕೆಂದರೆ ಅಷ್ಟು ದಿನದ ಕೂಲಿ ಹೋಯಿತು. ಕಿತ್ತುಹಾಕಿಸಿದರೆ ಒಂದೇ ದಿನ. ಉಳಿಸಬಹುದಾದ ಹಲ್ಲನ್ನೂ ಬಡವರು ಕೀಳಿಸುವುದು ಅಜ್ಞಾನದಿಂದಲ್ಲ, ಈ ಲೆಕ್ಕದಿಂದ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯ ಕಾಯಂ ಕಾರ್ಮಿಕನಿಗೆ ಇಎಸ್ಐ ಕಾರ್ಡು ಇರುತ್ತದೆ, ಅದರಲ್ಲಿ ಹಲ್ಲಿನ ಚಿಕಿತ್ಸೆಯೂ ಸೇರುತ್ತದೆ. ದಿನಕ್ಕೊಬ್ಬ ಧಣಿಯಿರುವ ನಾಕಾ ಕೂಲಿಗೆ ಆ ಕಾರ್ಡು ಸಿಗುವ ದಾರಿಯಿಲ್ಲ. ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂಬ ಗಾದೆ ಇಲ್ಲಿ ಸುಳ್ಳಾಗುತ್ತದೆ. ಕಡಲೆ ಇಲ್ಲದವರದೇ ಹಲ್ಲೂ ಮೊದಲು ಹೋಗುತ್ತದೆ.

ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್ ಸೆಂಟರಿನ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಕೇಂದ್ರವೂ ಇದೆ. ಬಾಯಿಯ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಕ್ಕರೆ ಬದುಕುವ ಅವಕಾಶ ಹೆಚ್ಚು. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿಯೊಳಗೆ ಕಣ್ಣಾಡಿಸಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. 30 ದಾಟಿದ ಎಲ್ಲರ ಬಾಯಿಯನ್ನೂ ಪರೀಕ್ಷಿಸಬೇಕೆಂದು ಕೇಂದ್ರ ಸರಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಅಂಥ ಪರೀಕ್ಷೆ ಆದವರು ದೇಶದಲ್ಲಿ ಶೇ. 0.9 ಮಾತ್ರ.

ಈಗಿನ ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ ವೈದ್ಯೆಯಾಗಲು ಅಮೆರಿಕಕ್ಕೆ ಹೋದದ್ದು, ಗಂಡಸರ ಮುಂದೆ ಕಾಯಿಲೆ ಹೇಳಿಕೊಳ್ಳಲಾರದ ಹೆಂಗಸರಿಗೆ ಹೆಂಗಸೇ ವೈದ್ಯೆಯಾಗಿ ಬೇಕು ಎಂಬ ಕಾರಣಕ್ಕೆ. ಆಕೆ ಗುರುತಿಸಿದ ಅಂತರ ಇಂದು ರೂಪ ಬದಲಿಸಿ ಉಳಿದಿದೆ. ದಂತ ಕಾಲೇಜಿನ ಗೇಟಿಗೂ ನಾಕಾಗೂ ನಡುವೆ ಇರುವುದು ಕೆಲವೇ ಕಿಲೋಮೀಟರು. ಅದನ್ನು ದಾಟಲು ಒಂದು ಟಾರ್ಚು, ಒಂದಿಷ್ಟು ತರಬೇತಿ ಸಾಕು. ಜೊತೆಗೆ, ಕೂಲಿ ಸಿಗುವ ಮೊದಲಿನ ಆ ಒಂದು ಗಂಟೆಯಲ್ಲಿ ಅಲ್ಲಿಗೇ ಬಂದು, ಕನ್ನಡದಲ್ಲೋ ಲಂಬಾಣಿಯಲ್ಲೋ ‘ಅಕ್ಕಾ, ಸ್ವಲ್ಪ ಬಾಯಿ ತೆರೀರಿ, ನೋಡ್ತೀನಿ’ ಎನ್ನುವ ಒಬ್ಬಳು ಬೇಕು.