ನಾದದ ನಡಿಗೆಯೂ ಇಗರ್ಜಿಯ ಗಾನವೂ

ಲಿಂಗಸುಗೂರು ತಾಲೂಕಿನ ಮುದಗಲ್ಲು ತನ್ನ ಕೋಟೆಯಿಂದ ಪ್ರಸಿದ್ಧವಾದ ಊರು. ಆದರೆ ದಖ್ಖಣದ ಪ್ರಾಚೀನ ಇಗರ್ಜಿಗಳಲ್ಲೊಂದು ಅಲ್ಲಿರುವುದನ್ನು ಅರಿತವರು ಕಡಿಮೆ. ಗೋವೆಯ ಕಡೆಯಿಂದ ಬಂದ ಪಾದ್ರಿಗಳಿಂದ ಆದಿಲಶಾಹಿಯ ಕಾಲದಲ್ಲಿ ಅಲ್ಲಿ ನೆಲೆಗೊಂಡ ಕ್ರೈಸ್ತ ಸಮುದಾಯವನ್ನು ಹಳೆಯ ಗ್ಯಾಝೆಟಿಯರುಗಳು ಉಲ್ಲೇಖಿಸಿರುವುವು. ನೆರೆದ ಸಭೆಯೆಲ್ಲವೂ ಒಂದೇ ಕಂಠವಾಗಿ ಹಾಡಬೇಕೆಂಬುದು ಕ್ರೈಸ್ತರ ಆರಾಧನೆಯ ಹಂಬಲ. ಆ ಹಂಬಲಕ್ಕೆ ದೊಡ್ಡ ಮಂದಿರಗಳಲ್ಲೆಲ್ಲ ಅಡ್ಡಬಂದ ತೊಡಕೊಂದುಂಟು. ಅದು ನಾದದ ಮಂದಗತಿ.

ಹಳ್ಳದ ಆಚೆಯ ದಂಡೆಯಲ್ಲಿ ಅಗಸನು ಬಟ್ಟೆಯನ್ನು ಕಲ್ಲಿಗೆ ಬಡಿಯುವುದು ಮೊದಲು ಕಾಣುವುದು. ಸಪ್ಪಳವು ತರುವಾಯ ಕೇಳುವುದು. ನಾದವು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ನಡೆಯುತ್ತದೆ. ರಾಯಚೂರು ಸೀಮೆಯ ಬೇಸಗೆಯಲ್ಲಿ, 40 ಡಿಗ್ರಿಯ ಬಿಸಿಗಾಳಿಯಲ್ಲಿ, ಅದರ ವೇಗ 355 ಮೀಟರಿನಷ್ಟಾಗುವುದು. ವಿಜಾಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಇದನ್ನು ದಾಟಲು ನಾದಕ್ಕೆ ಸೆಕೆಂಡಿನ ಒಂಬತ್ತನೆಯ ಒಂದು ಪಾಲು ಬೇಕು. ಇದು ಅತ್ಯಲ್ಪವೆಂದು ತೋರಬಹುದು. ಆದರೆ ನಿಮಿಷಕ್ಕೆ 120 ಪೆಟ್ಟುಗಳ ಗತಿಯಲ್ಲಿ ಹಾಡುವಾಗ ಒಂದು ಪೆಟ್ಟಿನ ಕಾಲು ಭಾಗವು ಸೆಕೆಂಡಿನ ಎಂಟನೆಯ ಒಂದು ಪಾಲಷ್ಟೆ. ಆದುದರಿಂದ ಆ ಗುಮ್ಮಟದ ಎರಡು ಅಂಚುಗಳಲ್ಲಿ ನಿಂತವರು ಕಿವಿಯನ್ನೇ ನಂಬಿ ಹಾಡಿದರೆ ತಾಳವು ಕೂಡಲಾರದು.

ಯುರೋಪಿನ ಮಹಾಮಂದಿರಗಳಲ್ಲಿ ಆರ್ಗನ್ ವಾದ್ಯವು ಹಲವೆಡೆ ಹಿಂಬದಿಯ ಅಟ್ಟದ ಮೇಲಿರುವುದು. ಮುಂದಿನ ಸಾಲು 34 ಮೀಟರು ದೂರವಿದ್ದರೆ ವಾದ್ಯದ ಸ್ವರವು ಅಲ್ಲಿಗೆ ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿ ಮುಟ್ಟುವುದು; ಅದನ್ನನುಸರಿಸಿದ ಹಾಡು ವಾದಕನ ಕಿವಿಗೆ ಮರಳುವಾಗ ವಿಳಂಬವು ಇಮ್ಮಡಿಯಾಗುವುದು. ಹಾಡುವವರಿಗಾಗಿ ವಾದಕನು ಕಾದರೆ, ವಾದ್ಯಕ್ಕಾಗಿ ಅವರು ಕಾಯುವರು. ಹಾಡು ಜಗ್ಗುತ್ತ ಹೋಗುವುದು. ತಾಳಜ್ಞಾನವಿಲ್ಲವೆಂದು ಹಿಂದಿನ ಸಾಲಿನವರನ್ನು ಹಳಿಯುವುದು ಸುಲಭ. ಆದರೆ ದೋಷವು ಅವರದಲ್ಲ, ದೂರದ್ದು.

ಕಿವಿಯು ಸೋತೆಡೆಯಲ್ಲಿ ಕಣ್ಣೇ ಗತಿಯೆಂಬುದು ಮೊದಲಿನ ಪರಿಹಾರ. 1855ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದ ಗಾನಸಭೆಗಳಲ್ಲಿ ಬೆರ್ಲಿಯೋಜ್ ಎಂಬ ಸಂಗೀತಕಾರನು ವಿದ್ಯುತ್ತಂತಿಯನ್ನೇ ಇದಕ್ಕೆ ಬಳಸಿದನು. ಅವನು ಬೆರಳಿನಿಂದೊತ್ತಿದ ಪ್ರತಿಯೊಂದು ಪೆಟ್ಟಿಗೂ ದೂರದಲ್ಲಿದ್ದ ಕೋಲು ಆಡುತ್ತಿದ್ದಿತು. ಸಹಾಯಕ ನಿರ್ವಾಹಕರು ಅದನ್ನು ನೋಡಿ ತಂತಮ್ಮ ಮೇಳಗಳನ್ನು ನಡೆಸಿದರು.

ಧ್ವನಿವರ್ಧಕವು ಬಂದಮೇಲೆ ತೊಡಕು ತಲೆಕೆಳಗಾಯಿತು. ತಂತಿಯಲ್ಲಿ ಹರಿದ ಧ್ವನಿಯು ಹಿಂದಿನ ಕಂಬದ ಯಂತ್ರದಿಂದ ಕೂಡಲೇ ಹೊರಡುವುದು. ವೇದಿಕೆಯ ನಿಜವಾದ ಕಂಠವು ಗಾಳಿಯಲ್ಲಿ ನಡೆದು ತಡವಾಗಿ ಬರುವುದು. ಕೇಳುಗನಿಗೆ ಒಂದೇ ನುಡಿ ಎರಡಾಗಿ ಕೇಳುವುದು. ಪಾದ್ರಿಯು ಕಂಬದೊಳಗಿಂದ ಮಾತಾಡಿದಂತೆ ತೋರುವುದು. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಎಂಬವನು ಇದರ ಮರ್ಮವನ್ನು ಪರೀಕ್ಷೆಯಿಂದ ತಿಳಿಸಿದನು. ಒಂದೇ ಧ್ವನಿ ಎರಡು ಕಡೆಯಿಂದ ಬಂದರೆ ಮೊದಲು ಮುಟ್ಟಿದ ದಿಕ್ಕನ್ನೇ ಕಿವಿಯು ಮೂಲವೆಂದು ನಂಬುವುದು. ಸೆಕೆಂಡಿನ ನೂರರಲ್ಲಿ ಮೂರು ಪಾಲಿನೊಳಗೆ ಹಿಂದೆ ಬಂದುದು, ತುಸು ಗಟ್ಟಿಯಾಗಿದ್ದರೂ, ಬೇರೆಯಾಗಿ ಕೇಳಿಸದು. 1951ರ ಸುಮಾರಿಗೆ ಲಂಡನ್ನಿನ ಸಂತ ಪೌಲರ ಮಹಾಮಂದಿರದಲ್ಲಿ ದೂರದ ಯಂತ್ರಗಳ ಧ್ವನಿಯನ್ನು ಬೇಕೆಂದೇ ತಡೆದು ಬಿಡುವ ಏರ್ಪಾಡಾಯಿತು. ವಿಳಂಬದ ರೋಗಕ್ಕೆ ವಿಳಂಬವೇ ಮದ್ದಾಯಿತು.

ಈ ಮದ್ದು ಕೇಳುವವರಿಗೆ ಮಾತ್ರ, ನುಡಿಸುವವರಿಗಲ್ಲ. ಇಂದಿನ ಗಣಕಯಂತ್ರದ ಉಪಕರಣಗಳು ತಮ್ಮ ಪಾಲಿನ ಕಿರುವಿಳಂಬವನ್ನೂ ಕೂಡಿಸುವುವು. ಸಿಂಧನೂರು, ಮಸ್ಕಿಗಳಂಥ ಊರುಗಳ ಚಿಕ್ಕ ಮಂದಿರಗಳಿಗೆ ದೊಡ್ಡ ಯಂತ್ರವೇಕೆ? ಹಾರ್ಮೋನಿಯಂ, ತಬಲಾ, ಹಾಡುವ ಮೇಳ ಇವು ಮೂರು ಮೀಟರಿನೊಳಗೆ ಒತ್ತಾಗಿ ಕುಳಿತರೆ ನಡುವಣ ವಿಳಂಬವು ಸೆಕೆಂಡಿನ ನೂರನೆಯ ಒಂದು ಪಾಲನ್ನು ಮೀರದು. ಯಂತ್ರವಿಲ್ಲದ ಕಾಲದಿಂದಲೂ ಭಜನೆಯ ಮೇಳಗಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಹಾಡಿದುದರಲ್ಲಿಯೂ ಇದೇ ಅನುಕೂಲವಿದ್ದಿತು.